ಎರಡು ಕ್ರಿಯಾಪದ, ನಡುವೆ ಒಂದೇ ಕೊಂಡಿ

ಕಳೆದ ಸೆಮಿಸ್ಟರ್‌ನಲ್ಲಿ ನಾವು ಕೆಲವರು ಸೇರಿ ಫಸ್ಟ್ ಇಯರ್ ಜೂನಿಯರ್ಸ್‌ಗೆ ಒಂದು ಸಣ್ಣ ವರ್ಕ್‌ಶಾಪ್ ಮಾಡಿದ್ವಿ. ಬ್ರೆಡ್‌ಬೋರ್ಡ್ ಮೇಲೆ ಬ್ರಿಡ್ಜ್ ರೆಕ್ಟಿಫೈಯರ್ ಕಟ್ಟೋದು, ಕೊನೆಗೆ ಒಂದು 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ ಔಟ್‌ಪುಟ್ ನೋಡೋದು, ಅಷ್ಟೇ. ಇನ್‌ಸ್ಟ್ರಕ್ಷನ್ ಶೀಟ್ ಬರೆಯೋ ಕೆಲಸ ನನಗೆ ಬಂತು. ಯಾಕಂದ್ರೆ ಟೀಮಲ್ಲಿ ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ ಓದಿದವನು ನಾನು. ನಾನೂ ಜಂಬದಿಂದಲೇ ಒಪ್ಕೊಂಡೆ.

ಶೀಟಿನ ಒಂದು ಸಾಲು ಹೀಗಿತ್ತು:

ಸ್ವಿಚ್ ಆನ್ ದ ಸಪ್ಲೈ, ಬಿಫೋರ್ ದಟ್ ಚೆಕ್ ದ ಪೋಲಾರಿಟಿ ಆಫ್ ದ ಕೆಪಾಸಿಟರ್.

ಒಬ್ಬ ಜೂನಿಯರ್ ಮೊದಲರ್ಧ ಓದಿದ, ಸಪ್ಲೈ ಆನ್ ಮಾಡಿದ. ಕೆಪಾಸಿಟರ್ ಉಲ್ಟಾ ಕೂತಿತ್ತು. ಅದು ಎಲೆಕ್ಟ್ರೊಲಿಟಿಕ್ ಬೇರೆ. ಸ್ವಲ್ಪ ಹೊತ್ತಿಗೆ ಪಟ್ ಅಂತ ಸಿಡೀತು. ಯಾರಿಗೂ ಏನೂ ಆಗಲಿಲ್ಲ, ಪುಣ್ಯ. ಆದ್ರೆ ಆ ಹುಡುಗ ಹೆದರಿ ಕೈ ಕಟ್ಕೊಂಡು ನಿಂತ, ಆಮೇಲೆ ವರ್ಕ್‌ಶಾಪ್ ಮುಗಿಯೋವರೆಗೂ ಬೋರ್ಡ್ ಮುಟ್ಟಲಿಲ್ಲ. "ಸರಿಯಾಗಿ ಓದೋಕೆ ಬರಲ್ವಾ?" ಅಂತ ನಮ್ಮಲ್ಲೇ ಒಬ್ಬರು ಅವನನ್ನ ಬೈದರು. ನಾನು ಸುಮ್ಮನಿದ್ದೆ.

ರಾತ್ರಿ ಹಾಸ್ಟೆಲಲ್ಲಿ ನನ್ನ ರೂಮ್‌ಮೇಟ್ ಆ ಶೀಟ್ ನೋಡಿದ. ಅವನು ಹಾವೇರಿ ಕಡೆಯವನು, ಹತ್ತನೇ ಕ್ಲಾಸ್‌ವರೆಗೂ ಕನ್ನಡ ಮೀಡಿಯಂ. ವೈವಾದಲ್ಲಿ ಉತ್ತರ ಗೊತ್ತಿದ್ರೂ ಇಂಗ್ಲಿಷ್ ಹೆದರಿಕೆಗೆ ಬಾಯಿ ಬಿಡದವನು. "ಲೇ, ತಪ್ಪು ನಿಂದೈತಿ, ಆ ಹುಡುಗಂದಲ್ಲ. ಮೊದ್ಲು ಮಾಡೋದನ್ನ ಮೊದ್ಲು ಬರೀಬೇಕಿಲ್ಲೋ? ಪೋಲಾರಿಟಿ ನೋಡಿ ಸಪ್ಲೈ ಆನ್ ಮಾಡು. ಇಷ್ಟ ಅಲ್ಲ?" ಅಂದ.

ಅವನ ಕನ್ನಡ ವಾಕ್ಯದಲ್ಲಿ ತಪ್ಪಾಗೋಕೆ ಜಾಗವೇ ಇರಲಿಲ್ಲ. ನನ್ನ ಇಂಗ್ಲಿಷ್ ವಾಕ್ಯದಲ್ಲಿ ಇತ್ತು. ಅವತ್ತಿಂದ ನಾವಿಬ್ಬರೂ ನಮ್ಮ ಹಳೇ ಲ್ಯಾಬ್ ರೆಕಾರ್ಡ್‌ಗಳ ಕೆಂಪು ಇಂಕಿನ ಗುರುತುಗಳನ್ನ ಮುಂದಿಟ್ಟುಕೊಂಡು ಕೂತ್ವಿ. ಕಲಿತದ್ದನ್ನ ಇಲ್ಲಿ ಬರೆದಿದ್ದೀನಿ. ಇಂಗ್ಲಿಷ್ ಉದಾಹರಣೆಗಳು ಕನ್ನಡ ಲಿಪಿಯಲ್ಲೇ ಇವೆ, ಒಂದ್ಸಲ ಬಾಯಿಬಿಟ್ಟು ಓದ್ಕೊಳ್ಳಿ, ಕಿವಿಗೆ ಗೊತ್ತಾಗುತ್ತೆ.

1. ಕೊಂಡಿ ಎಲ್ಲಿದೆ?

ಈ ವಾಕ್ಯ ನೋಡಿ: "ಬೆಳಗ್ಗೆ ಎದ್ದು, ಸ್ನಾನ ಮಾಡಿ, ಮೆಸ್ಸಲ್ಲಿ ಇಡ್ಲಿ ತಿಂದು, ಓಡಿಕೊಂಡು ಕ್ಲಾಸಿಗೆ ಬಂದೆ."

ಕೆಲಸಗಳು ಎಷ್ಟೊಂದಿವೆ, ಆದರೆ ಪೂರ್ಣ ಕ್ರಿಯಾಪದ ಒಂದೇ, ಕೊನೆಯ "ಬಂದೆ". ಎದ್ದು, ಮಾಡಿ, ತಿಂದು ಇವೆಲ್ಲ ಅಪೂರ್ಣ. ಹೈಸ್ಕೂಲ್ ವ್ಯಾಕರಣದಲ್ಲಿ ಕೃದಂತಾವ್ಯಯ ಅಂತ ಓದಿ, ಎಕ್ಸಾಮಲ್ಲಿ ಬರೆದು, ಮರೆತಿದ್ದೀವಲ್ಲ, ಅದೇ ಇದು. ಇಲ್ಲಿ "ಮತ್ತು" ಒಂದೂ ಬಂದಿಲ್ಲ. ಕನ್ನಡದಲ್ಲಿ ಜೋಡಿಸೋ ಕೆಲಸವನ್ನ ಬಹುತೇಕ ಕ್ರಿಯಾಪದದ ಬಾಲವೇ ಮಾಡುತ್ತೆ:

ಮಾಡಿ: ಮೊದಲು ಇದು, ಆಮೇಲೆ ಇನ್ನೊಂದು.
ಮಾಡುತ್ತಾ: ಎರಡೂ ಒಟ್ಟಿಗೆ.
ಮಾಡಿದಾಗ: ಸಮಯ.
ಮಾಡಿದರೆ: ಷರತ್ತು.
ಮಾಡಿದರೂ: ಅಡ್ಡಿ ಇದ್ದರೂ.
ಮಾಡಿದ್ದರಿಂದ: ಕಾರಣ.

ಇಂಗ್ಲಿಷಿನಲ್ಲಿ ಕ್ರಿಯಾಪದಕ್ಕೆ ಇಷ್ಟೆಲ್ಲ ಬಾಲ ಇಲ್ಲ. ಅಲ್ಲಿ ಪ್ರತಿ ತುಂಡಿಗೂ ಒಬ್ಬ ಕರ್ತೃ, ಕಾಲ ತೋರಿಸೋ ಒಂದು ಪೂರ್ಣ ಕ್ರಿಯಾಪದ. ಎರಡು ತುಂಡು ಸೇರಿಸೋಕೆ ಹೊರಗಿನಿಂದ ಒಂದು ಪದ ತರಬೇಕು. ಅದೇ ಕಂಜಂಕ್ಷನ್. ನಮ್ಮ ಕೊಂಡಿ ಕ್ರಿಯಾಪದದ ಒಳಗಿದೆ, ಅವರ ಕೊಂಡಿ ಹೊರಗಿದೆ. ನಮ್ಮ ರೆಕಾರ್ಡ್‌ಗಳಲ್ಲಿ ಸಿಕ್ಕ ತಪ್ಪುಗಳಲ್ಲಿ ಹೆಚ್ಚಿನವು ಈ ಒಂದು ವ್ಯತ್ಯಾಸದಿಂದಲೇ ಬಂದಿದ್ದವು.

ಲೆಕ್ಕ ಇಷ್ಟೇ. ಕರ್ತೃ ಮತ್ತು ಪೂರ್ಣ ಕ್ರಿಯಾಪದ ಸೇರಿದರೆ ಒಂದು ಜೋಡಿ. ಒಂದು ವಾಕ್ಯದಲ್ಲಿ ಎನ್ ಜೋಡಿ ಇದ್ದರೆ ಕೊಂಡಿ ಎನ್ ಮೈನಸ್ ಒಂದು. ಎರಡು ಜೋಡಿಗೆ ಒಂದು, ಮೂರಕ್ಕೆ ಎರಡು. ಹೂ, ವಿಚ್, ದಟ್ ಕೂಡ ಕೊಂಡಿಗಳೇ. "ಐ ಥಿಂಕ್ ಹಿ ಈಸ್ ರೈಟ್" ಅಂದಾಗ ಮಧ್ಯೆ ದಟ್ ಅಡಗಿ ಕೂತಿದೆ. ಮೂರು ಜೋಡಿಗಳು ಪಟ್ಟಿ ಥರ ಬಂದಾಗ ಮಾತ್ರ ಮೊದಲನೆಯದಕ್ಕೆ ಕಾಮಾ ಸಾಕು, ಕೊನೆಯದಕ್ಕೆ ಆ್ಯಂಡ್. "ಚೆಕ್ ದ ಪೋಲಾರಿಟಿ" ಥರದ ಆಜ್ಞಾ ವಾಕ್ಯದಲ್ಲಿ ಕರ್ತೃ ಕಾಣಲ್ಲ, ಆದರೂ "ಯು" ಇದೆ ಅಂತಲೇ ಲೆಕ್ಕ.

2. ಕೊಂಡಿಗಳಲ್ಲಿ ಎರಡು ಜಾತಿ

ಮೊದಲನೇ ಜಾತಿಯಲ್ಲಿ ಏಳೇ ಪದ: ಫಾರ್, ಆ್ಯಂಡ್, ನಾರ್, ಬಟ್, ಆರ್, ಯೆಟ್, ಸೋ. ಇಂಗ್ಲಿಷ್ ಸ್ಪೆಲಿಂಗಿನ ಮೊದಲ ಅಕ್ಷರಗಳನ್ನ ಸೇರಿಸಿದರೆ "ಫ್ಯಾನ್‌ಬಾಯ್ಸ್" ಆಗುತ್ತೆ, ನೆನಪಿಗೆ ಸುಲಭ. ಇವು ಸಮಾನ ತೂಕದ ಎರಡು ತುಂಡುಗಳ ಮಧ್ಯೆ ನಿಲ್ಲುತ್ತವೆ.

ಎರಡನೇ ಜಾತಿ ಬಿಕಾಸ್, ಆಲ್ದೋ, ಇಫ್, ವೆನ್, ವೈಲ್, ಸಿನ್ಸ್, ಅನ್‌ಲೆಸ್, ಅಂಟಿಲ್, ಆಫ್ಟರ್, ಬಿಫೋರ್ ಮುಂತಾದವು. ಇವು ಒಂದು ತುಂಡನ್ನ ಇನ್ನೊಂದಕ್ಕೆ ಅಧೀನ ಮಾಡುತ್ತವೆ. ಕನ್ನಡದ "-ದಾಗ, -ದರೆ, -ದರೂ" ಮಾಡೋದೂ ಇದನ್ನೇ.

ಯಾವುದು ಯಾವ ಜಾತಿ ಅಂತ ತಿಳಿಯೋಕೆ ತುಂಡನ್ನ ಜಾಗ ಬದಲಿಸಿ ನೋಡಿ.

ದ ಫ್ಯೂಸ್ ಬ್ಲೂ ಬಿಕಾಸ್ ದ ಕರೆಂಟ್ ವಾಸ್ ಟೂ ಹೈ.
ಬಿಕಾಸ್ ದ ಕರೆಂಟ್ ವಾಸ್ ಟೂ ಹೈ, ದ ಫ್ಯೂಸ್ ಬ್ಲೂ.

ಬಿಕಾಸ್ ತನ್ನ ತುಂಡನ್ನ ಹೊತ್ಕೊಂಡು ಮುಂದೆ ಬಂತು, ಅರ್ಥ ಕೆಡಲಿಲ್ಲ. ಹಾಗೆ ಮುಂದೆ ಬಂದಾಗ ಮಧ್ಯೆ ಒಂದು ಕಾಮಾ ಹಾಕಬೇಕು. "ಸೋ ದ ಫ್ಯೂಸ್ ಬ್ಲೂ, ದ ಕರೆಂಟ್ ವಾಸ್ ಟೂ ಹೈ" ಅಂತ ಅಂದು ನೋಡಿ. ಕೆಟ್ಟೋಯ್ತು. ಸೋ ಮೊದಲನೇ ಜಾತಿ, ಮಧ್ಯದಿಂದ ಅಲ್ಲಾಡಲ್ಲ.

ಈಗ ರೂಮ್‌ಮೇಟ್ ರೆಕಾರ್ಡಿನ ಒಂದು ವಾಕ್ಯ:

ತಪ್ಪು: ಆಲ್ದೋ ದ ಕನೆಕ್ಷನ್ಸ್ ವರ್ ಕರೆಕ್ಟ್, ಬಟ್ ದ ಮೋಟರ್ ಡಿಡ್ ನಾಟ್ ರೊಟೇಟ್.

ಜೋಡಿ ಎರಡು, ಕೊಂಡಿಯೂ ಎರಡು. ಒಂದು ಜಾಸ್ತಿ. ಆಲ್ದೋ ಇಟ್ಟು ಬಟ್ ತೆಗೀರಿ, ಇಲ್ಲಾ ಬಟ್ ಇಟ್ಟು ಆಲ್ದೋ ತೆಗೀರಿ. "ಬಿಕಾಸ್… ಸೋ" ಜೋಡಿಗೂ ಇದೇ ಮದ್ದು.

ಮೊದಲು ನಾನು ಈ ವಾಕ್ಯ ನೋಡಿ ನಕ್ಕಿದ್ದೆ. ಆಮೇಲೆ ಯೋಚಿಸಿದ್ರೆ ಅದು ದಡ್ಡತನ ಅಲ್ಲವೇ ಅಲ್ಲ. ಕನ್ನಡದಲ್ಲಿ ನಾವು ಕೊಂಡಿಯನ್ನ ಎರಡೂ ಕಡೆ ಇಡ್ತೀವಿ: "ಹೇಗೆ ಹೇಳಿದ್ರೋ ಹಾಗೇ ಮಾಡಿದೆ", "ಯಾವಾಗ ಕರೀತಾರೋ ಆಗ ಬರ್ತೀನಿ", "ಎಷ್ಟು ಓದಿದ್ರೂ, ಆದ್ರೂ ತಲೆಗೆ ಹತ್ತಲಿಲ್ಲ". ಅವನು ಆ ಜೋಡಿ ರೂಢಿಯನ್ನೇ ಇಂಗ್ಲಿಷಿಗೆ ತಂದಿದ್ದ. ಹೀಗೆ ಹೇಳಿದ ಮೇಲೆ ಅವನು ಆ ತಪ್ಪನ್ನ ಮತ್ತೆ ಮಾಡಲಿಲ್ಲ. ಬರೀ ಕೆಂಪು ಗೆರೆ ಎಳೆದಾಗ ಮಾಡ್ತಾನೇ ಇದ್ದ.

3. ಕೊಂಡಿಯ ವೇಷದಲ್ಲಿರೋ ಆ್ಯಡ್ವರ್ಬ್

ಇನ್ನು ನನ್ನ ಸರದಿ. ನನ್ನ ರೆಕಾರ್ಡಲ್ಲಿ ಆರು ಕಡೆ ಕೆಂಪು ಸುತ್ತು ಇತ್ತು, ಆರೂ ಒಂದೇ ಥರದ್ದು:

ತಪ್ಪು: ದ ರೀಡಿಂಗ್ ವಾಸ್ ಲೋ, ದೇರ್‌ಫೋರ್ ವಿ ಇನ್‌ಕ್ರೀಸ್ಡ್ ದ ವೋಲ್ಟೇಜ್.

ಓದೋಕೆ ಚೆನ್ನಾಗೇ ಇದೆ ಅಲ್ವಾ? ಆದರೆ ದೇರ್‌ಫೋರ್ ಕಂಜಂಕ್ಷನ್ ಅಲ್ಲ, ಆ್ಯಡ್ವರ್ಬ್. ಅಂದ್ರೆ ಕ್ರಿಯಾವಿಶೇಷಣ. ಅದು ಅರ್ಥದಲ್ಲಿ ಹಿಂದಿನ ಮಾತನ್ನ ನೆನಪಿಸುತ್ತೆ, ವ್ಯಾಕರಣದಲ್ಲಿ ಮಾತ್ರ ಏನನ್ನೂ ಜೋಡಿಸಲ್ಲ. ಹೌಎವರ್, ಮೋರೋವರ್, ಅದರ್‌ವೈಸ್, ಹೆನ್ಸ್, ದೆನ್ ಎಲ್ಲ ಇದೇ ಗುಂಪು. ಎರಡು ಜೋಡಿ ಇದೆ, ಕೊಂಡಿ ಸೊನ್ನೆ. ಕಾಮಾ ಒಂದಕ್ಕೇ ಆ ಭಾರ ಹೊರೋಕೆ ಆಗಲ್ಲ.

ಹೇಗೆ ಗುರುತಿಸೋದು? ಆ್ಯಡ್ವರ್ಬ್ ತನ್ನ ವಾಕ್ಯದ ಒಳಗೇ ಓಡಾಡುತ್ತೆ:

ಹೌಎವರ್, ದ ಔಟ್‌ಪುಟ್ ವಾಸ್ ರಾಂಗ್.
ದ ಔಟ್‌ಪುಟ್, ಹೌಎವರ್, ವಾಸ್ ರಾಂಗ್.
ದ ಔಟ್‌ಪುಟ್ ವಾಸ್ ರಾಂಗ್, ಹೌಎವರ್.

ಮೂರೂ ಸರಿ. ಹೌಎವರ್ ಇದ್ದ ಜಾಗದಲ್ಲಿ ಬಟ್ ಇಟ್ಟು ನೋಡಿ. ಎರಡನೇ, ಮೂರನೇ ವಾಕ್ಯ ನಿಲ್ಲಲ್ಲ.

ನನ್ನ ವಾಕ್ಯಕ್ಕೆ ಪರಿಹಾರ ಮೂರು. ಲೋ ಆದ ಮೇಲೆ ಫುಲ್‌ಸ್ಟಾಪ್ ಹಾಕಿ ಹೊಸ ವಾಕ್ಯ ಶುರು ಮಾಡಿ. ಇಲ್ಲಾ ಸೆಮಿಕೋಲನ್ ಹಾಕಿ. ಇಲ್ಲಾ ದೇರ್‌ಫೋರ್ ತೆಗೆದು ಸೋ ಹಾಕಿ.

ಹಾಗಾದ್ರೆ "ಇಫ್… ದೆನ್" ತಪ್ಪಾ ಅಂತ ಕೇಳಬಹುದು, ಪ್ರೋಗ್ರಾಮಿಂಗಲ್ಲಿ ದಿನಾ ಬರೀತೀವಲ್ಲ. ತಪ್ಪಲ್ಲ. ಅಲ್ಲಿ ಕೊಂಡಿ ಇಫ್ ಒಂದೇ, ದೆನ್ ಬರೀ ಆ್ಯಡ್ವರ್ಬ್. ಅದೇ ಕಾರಣಕ್ಕೆ "ದ ಲ್ಯಾಂಪ್ ಗ್ಲೋಡ್, ದೆನ್ ದ ಮೋಟರ್ ಸ್ಟಾರ್ಟೆಡ್" ಅಂತ ರೆಕಾರ್ಡಲ್ಲಿ ಬರೆದರೆ ಕೆಂಪು ಸುತ್ತು ಬೀಳುತ್ತೆ, "ಆ್ಯಂಡ್ ದೆನ್" ಅಂದರೆ ಬೀಳಲ್ಲ.

ಈಗ ನನ್ನ ಶೀಟಿನ ಸಾಲಿಗೆ ಬನ್ನಿ. "ಸ್ವಿಚ್ ಆನ್ ದ ಸಪ್ಲೈ, ಬಿಫೋರ್ ದಟ್ ಚೆಕ್ ದ ಪೋಲಾರಿಟಿ". ಬಿಫೋರ್ ಒಂದೇ ಇದ್ದಿದ್ರೆ ಕೊಂಡಿ ಆಗ್ತಿತ್ತು. "ಬಿಫೋರ್ ದಟ್" ಅಂದ ತಕ್ಷಣ ಅದು "ಅದಕ್ಕಿಂತ ಮುಂಚೆ" ಅನ್ನೋ ಕ್ರಿಯಾವಿಶೇಷಣ ಆಯ್ತು. ಹಾಗಾಗಿ ಮೊದಲ ತುಂಡು ತನ್ನಷ್ಟಕ್ಕೆ ಪೂರ್ತಿ ಆದ ಆಜ್ಞೆ: ಸಪ್ಲೈ ಆನ್ ಮಾಡು. ಜೂನಿಯರ್ ಅದನ್ನೇ ಮಾಡಿದ. ಅವನು ಓದಿದ್ದು ಸರಿಯಾಗೇ ಇತ್ತು.

"ಸ್ವಿಚ್ ಆನ್ ದ ಸಪ್ಲೈ ಆಫ್ಟರ್ ಯು ಚೆಕ್ ದ ಪೋಲಾರಿಟಿ" ಅಂದಿದ್ರೆ ವ್ಯಾಕರಣ ಸರಿ ಇರ್ತಿತ್ತು. ಆದರೂ ಕಣ್ಣಿಗೆ ಮೊದಲು ಬೀಳೋದು ಸ್ವಿಚ್ ಆನ್ ಅನ್ನೋದೇ. ಕನ್ನಡದಲ್ಲಿ ಅಧೀನ ತುಂಡು ಮೊದಲು ಬಂದು, ಪೂರ್ಣ ಕ್ರಿಯಾಪದ ಕೊನೆಗೆ ಬರುತ್ತೆ. ಹಾಗಾಗಿ "ನೋಡಿ ಆನ್ ಮಾಡು" ಅಂದಾಗ ಕೆಲಸದ ಕ್ರಮವೂ ಮಾತಿನ ಕ್ರಮವೂ ಒಂದೇ. ಇಂಗ್ಲಿಷಲ್ಲಿ ಅದನ್ನ ನಾವೇ ನೋಡ್ಕೋಬೇಕು. ಇನ್‌ಸ್ಟ್ರಕ್ಷನ್ ಬರೆಯುವಾಗ ಕನ್ನಡದ ಕ್ರಮವನ್ನೇ ಇಟ್ಕೊಳ್ಳಿ:

ಸರಿ: ಚೆಕ್ ದ ಪೋಲಾರಿಟಿ ಆಫ್ ದ ಕೆಪಾಸಿಟರ್, ಆ್ಯಂಡ್ ದೆನ್ ಸ್ವಿಚ್ ಆನ್ ದ ಸಪ್ಲೈ.

4. ಕೊಂಡಿ ಬಂದರೆ ಕ್ರಿಯಾಪದ ಬದಲಾಗುತ್ತೆ

ಕೊಂಡಿ ಸುಮ್ಮನೆ ಮಧ್ಯೆ ಕೂರಲ್ಲ, ಕ್ರಿಯಾಪದದ ರೂಪಕ್ಕೂ ಕೈ ಹಾಕುತ್ತೆ.

ತಪ್ಪು: ವೆನ್ ದ ವೋಲ್ಟೇಜ್ ವಿಲ್ ರೀಚ್ 5 ವೋಲ್ಟ್ಸ್, ದ ರಿಲೇ ವಿಲ್ ಟ್ರಿಪ್.
ಸರಿ: ವೆನ್ ದ ವೋಲ್ಟೇಜ್ ರೀಚಸ್ 5 ವೋಲ್ಟ್ಸ್, ದ ರಿಲೇ ವಿಲ್ ಟ್ರಿಪ್.

ವೆನ್, ಇಫ್, ಆಫ್ಟರ್, ಬಿಫೋರ್, ಅಂಟಿಲ್ ಇರೋ ತುಂಡಲ್ಲಿ ಮುಂದೆ ಆಗೋ ಸಂಗತಿ ಇದ್ದರೂ ಸಾಮಾನ್ಯವಾಗಿ ವಿಲ್ ಬರಲ್ಲ, ಪ್ರೆಸೆಂಟ್ ಟೆನ್ಸ್ ಬರುತ್ತೆ. ಇದನ್ನ ಬಾಯಿಪಾಠ ಮಾಡೋ ಮೊದಲು ಕನ್ನಡ ನೋಡಿ: "ನಾಳೆ ಅವನು ಬಂದಾಗ ಹೇಳ್ತೀನಿ", "ನಾಳೆ ಬಂದ್ರೆ ಕೊಡ್ತೀನಿ". ಬರೋದು ನಾಳೆ, ಆದರೆ ರೂಪ "ಬಂದ", ಭೂತಕಾಲದ್ದು! "ಬರುವನಾಗ" ಅಂತ ಯಾರೂ ಹೇಳಲ್ಲ. ಅಂದ್ರೆ ಈ ಜಾಗದಲ್ಲಿ ಭವಿಷ್ಯತ್ ರೂಪ ಬೇಡ ಅಂತ ನಮ್ಮ ಭಾಷೆಯೂ ಹೇಳುತ್ತೆ.

ಆದರೆ "ಐ ಡೋಂಟ್ ನೋ ವೆನ್ ಹಿ ವಿಲ್ ಕಮ್" ಸರಿ. ಇಲ್ಲಿ ವಿಲ್ ಹೇಗೆ ಬಂತು? ಕನ್ನಡ ಮಾಡಿ: "ಯಾವಾಗ ಬರ್ತಾನೋ ಗೊತ್ತಿಲ್ಲ". ಇಲ್ಲಿ ವೆನ್ ಅಂದರೆ "-ದಾಗ" ಅಲ್ಲ, "ಯಾವಾಗ". ಇಫ್ ಕೂಡ ಹಾಗೇ. "ಬಂದ್ರೆ" ಅನ್ನೋ ಅರ್ಥ ಇದ್ದರೆ ವಿಲ್ ಬೇಡ. "ಬರ್ತಾನೋ ಇಲ್ವೋ" ಅನ್ನೋ ಅರ್ಥ ಇದ್ದರೆ ವಿಲ್ ಬರಬಹುದು. ಈ ಒಂದು ಟೆಸ್ಟ್ ನನ್ನ ಸ್ಕೂಲಲ್ಲಿ ಯಾರೂ ಹೇಳಿರಲಿಲ್ಲ. ಕಂಡುಹಿಡಿದದ್ದು ರೂಮ್‌ಮೇಟ್.

ಸಮಯ ಹೇಳೋ ಸಿನ್ಸ್‌ನಲ್ಲಿ ಮಾತ್ರ ಕನ್ನಡ ಕೈ ಕೊಡುತ್ತೆ. "ಕಾಲೇಜು ಸೇರಿದಾಗಿಂದ ರೆಕಾರ್ಡ್ ಬರೀತಾನೇ ಇದ್ದೀನಿ" ಅನ್ನೋದನ್ನ ಹಾಗೇ ಇಂಗ್ಲಿಷಿಗೆ ತಂದರೆ "ಐ ಆ್ಯಮ್ ರೈಟಿಂಗ್" ಆಗುತ್ತೆ. ಅಲ್ಲಿ ಬೇಕಿರೋದು "ಐ ಹ್ಯಾವ್ ಬೀನ್ ರೈಟಿಂಗ್ ರೆಕಾರ್ಡ್ಸ್ ಸಿನ್ಸ್ ಐ ಜಾಯ್ನ್ಡ್ ಕಾಲೇಜ್". ಹಿಂದೆ ಶುರುವಾಗಿ ಈಗಲೂ ನಡೀತಿದ್ದರೆ ಹ್ಯಾವ್ ಬೇಕು. ಸಿನ್ಸ್‌ಗೆ "ಆದ್ದರಿಂದ" ಅನ್ನೋ ಅರ್ಥ ಇದ್ದಾಗ ಈ ನಿಯಮ ಇಲ್ಲ.

ಕೊನೆಯದು ಅನ್‌ಲೆಸ್. "ರೀಸೆಟ್ ಒತ್ತದೇ ಇದ್ರೆ ಸ್ಟಾರ್ಟ್ ಆಗಲ್ಲ" ಅಂದಾಗ ನಮ್ಮ "ಇಲ್ಲ" ಕ್ರಿಯಾಪದದಲ್ಲೇ ಇದೆ. ಅದಕ್ಕೇ "ಅನ್‌ಲೆಸ್ ಯು ಡೋಂಟ್ ಪ್ರೆಸ್ ರೀಸೆಟ್" ಅಂತ ಬರೆದುಬಿಡ್ತೀವಿ. ಆದರೆ ಅನ್‌ಲೆಸ್ ಒಳಗೇ "ಇಲ್ಲ" ಇದೆ. ಎರಡು ಸೇರಿದರೆ ಅರ್ಥ ತಿರುಗುಮುರುಗು, ರೀಸೆಟ್ ಒತ್ತಿದರೆ ಸ್ಟಾರ್ಟ್ ಆಗಲ್ಲ ಅಂತ ಆಗುತ್ತೆ. "ಅನ್‌ಲೆಸ್ ಯು ಪ್ರೆಸ್ ರೀಸೆಟ್" ಸಾಕು.

5. ಆ್ಯಡ್ವರ್ಬ್ ಎಲ್ಲಿ ಕೂರಬೇಕು?

ಆಲ್ವೇಸ್, ಆಫನ್, ಆಲ್ರೆಡಿ, ನೆವರ್ ಥರದವುಗಳ ಜಾಗಕ್ಕೆ ಮೂರು ಮಾತು ಸಾಕು. ಒಂಟಿ ಕ್ರಿಯಾಪದ ಇದ್ದರೆ ಅದರ ಹಿಂದೆಯೇ, ಅಂದ್ರೆ ಅದಕ್ಕಿಂತ ಮೊದಲು: ದ ಸರ್ಕ್ಯೂಟ್ ಆಲ್ವೇಸ್ ಫೇಲ್ಸ್. ಸಹಾಯಕ ಕ್ರಿಯಾಪದ ಇದ್ದರೆ ಮೊದಲನೇ ಸಹಾಯಕದ ನಂತರ: ದ ಮೋಟರ್ ಹ್ಯಾಸ್ ಆಲ್ರೆಡಿ ಸ್ಟಾಪ್ಡ್. ಈಸ್, ಆರ್, ವಾಸ್ ಒಂದೇ ಇದ್ದರೆ ಅದರ ನಂತರ: ದ ವ್ಯಾಲ್ಯೂ ಈಸ್ ಆಲ್ವೇಸ್ ಪಾಸಿಟಿವ್.

ಕೇರ್‌ಫುಲಿ, ಸ್ಲೋಲಿ ಥರದವನ್ನ ಕ್ರಿಯಾಪದ ಮತ್ತು ಅದರ ಕರ್ಮದ ಮಧ್ಯೆ ತುರುಕಬೇಡಿ. "ರೀಡ್ ಕೇರ್‌ಫುಲಿ ದ ಮ್ಯಾನ್ಯುಅಲ್" ಬೇಡ, "ರೀಡ್ ದ ಮ್ಯಾನ್ಯುಅಲ್ ಕೇರ್‌ಫುಲಿ" ಸರಿ.

ತಲೆನೋವಿನ ಪದ ಅಂದ್ರೆ ಓನ್ಲಿ. ಕನ್ನಡದಲ್ಲಿ ಒತ್ತು ಪದದ ನಂತರ ಬರುತ್ತೆ: "ನಾನು ಮಾತ್ರ", "ಎರಡೇ". ಇಂಗ್ಲಿಷಲ್ಲಿ ಓನ್ಲಿ ಸಾಮಾನ್ಯವಾಗಿ ಪದದ ಮೊದಲು ಬರುತ್ತೆ.

ಓನ್ಲಿ ಐ ಟುಕ್ ಟೂ ರೀಡಿಂಗ್ಸ್: ಎರಡು ರೀಡಿಂಗ್ ತಗೊಂಡವನು ನಾನು ಮಾತ್ರ.
ಐ ಟುಕ್ ಓನ್ಲಿ ಟೂ ರೀಡಿಂಗ್ಸ್: ನಾನು ತಗೊಂಡದ್ದು ಎರಡೇ ರೀಡಿಂಗ್.

ಮೊದಲನೆಯದನ್ನ ವೈವಾದಲ್ಲಿ ಬಾಯಿತಪ್ಪಿ ಹೇಳಿದರೆ ಬ್ಯಾಚ್‌ಮೇಟ್ಸ್ ಹೊರಗೆ ಕಾಯ್ತಾ ಇರ್ತಾರೆ! ನಾವು ದಿನಾ ಹೇಳೋ "ಟುಡೇ ಓನ್ಲಿ ಸಬ್‌ಮಿಟ್" ಅನ್ನೋದು "ಇವತ್ತೇ" ಅನ್ನೋದರ ನೆರಳು. ಕ್ಯಾಂಟೀನಲ್ಲಿ ಪರವಾಗಿಲ್ಲ, ಇಂಟರ್ನ್‌ಶಿಪ್ ಮೇಲ್‌ನಲ್ಲಿ ಬೇಡ.

6. ನೀವೇ ಸರಿ ಮಾಡಿ

ಅ. ಸಿನ್ಸ್ ದ ಬ್ಯಾಟರಿ ವಾಸ್ ವೀಕ್, ಸೋ ದ ಎಲ್‌ಇಡಿ ಡಿಡ್ ನಾಟ್ ಗ್ಲೋ.
ಆ. ದ ಕೋಡ್ ಕಂಪೈಲ್ಡ್, ಹೌಎವರ್ ದ ಔಟ್‌ಪುಟ್ ವಾಸ್ ರಾಂಗ್.
ಇ. ಆಫ್ಟರ್ ದ ವಾಟರ್ ವಿಲ್ ಬಾಯ್ಲ್, ನೋಟ್ ದ ಟೆಂಪರೇಚರ್.
ಈ. ಡೋಂಟ್ ಓಪನ್ ದ ವಾಲ್ವ್ ಅಂಟಿಲ್ ದ ಪ್ರೆಷರ್ ಡಸ್ ನಾಟ್ ಡ್ರಾಪ್.
ಉ. ವಿ ಮೆಷರ್ಡ್ ಕೇರ್‌ಫುಲಿ ದ ಡಯಾಮೀಟರ್.

ಉತ್ತರ: (ಅ) ಸಿನ್ಸ್ ಅಥವಾ ಸೋ, ಒಂದನ್ನ ತೆಗೀರಿ. (ಆ) ಹೌಎವರ್ ಮೊದಲು ಸೆಮಿಕೋಲನ್, ನಂತರ ಕಾಮಾ. ಇಲ್ಲಾ ಹೌಎವರ್ ತೆಗೆದು ಬಟ್. (ಇ) ವಿಲ್ ತೆಗೆದು ಬಾಯ್ಲ್ಸ್. (ಈ) ಅಂಟಿಲ್ ದ ಪ್ರೆಷರ್ ಡ್ರಾಪ್ಸ್. ಅಂಟಿಲ್‌ಗೂ ಅನ್‌ಲೆಸ್‌ನ ಎಚ್ಚರಿಕೆಯೇ, ಇನ್ನೊಂದು ನಾಟ್ ಬೇಡ. (ಉ) ವಿ ಮೆಷರ್ಡ್ ದ ಡಯಾಮೀಟರ್ ಕೇರ್‌ಫುಲಿ.

ಒಂದು ಮಾತು ಹೇಳಿ ಮುಗಿಸ್ತೀನಿ. ಇಂಗ್ಲಿಷ್ ಮೀಡಿಯಂ ಓದಿದ ನಮಗೆ ಕಿವಿಗೆ ಚೆನ್ನಾಗಿದ್ರೆ ಸಾಕು ಅನ್ನೋ ಧೈರ್ಯ ಇದೆ. ಕನ್ನಡ ಮೀಡಿಯಂನಿಂದ ಬಂದವರಿಗೆ ಎಲ್ಲೋ ತಪ್ಪಿರುತ್ತೆ ಅನ್ನೋ ಭಯ ಇದೆ. ಎರಡೂ ಬೇಡ. ವಾಕ್ಯ ಬರೆದ ಮೇಲೆ ಜೋಡಿ ಎಷ್ಟು, ಕೊಂಡಿ ಎಷ್ಟು ಅಂತ ಎಣಿಸಿ. ಅನುಮಾನ ಬಂದರೆ ಅದನ್ನ ಕನ್ನಡದಲ್ಲಿ ಒಮ್ಮೆ ಹೇಳಿ ನೋಡಿ, ಎಲ್ಲಿ ಎಡವಿದ್ದೀವಿ ಅನ್ನೋದು ಬಹಳ ಸಲ ಅಲ್ಲೇ ಗೊತ್ತಾಗುತ್ತೆ.

ಆ ಜೂನಿಯರ್ ಹತ್ರ ಹೋಗಿ, ತಪ್ಪು ಶೀಟಿಂದು ಅಂತ ಹೇಳಿ ಬಂದೆ. ತಡವಾಗಿತ್ತು, ಆದರೂ ಹೇಳಿದೆ. ಈ ಸೆಮಿಸ್ಟರ್ ವರ್ಕ್‌ಶಾಪ್ ಮತ್ತೆ ಇದೆ. ಶೀಟ್ ಬರೀತಿರೋದು ನನ್ನ ರೂಮ್‌ಮೇಟ್. ನಾನು ಕಾಮಾ ನೋಡ್ತೀನಿ, ಕ್ರಮ ಅವನು ನೋಡ್ತಾನೆ.